ಆರುನೂರ ಹತ್ತು ವರ್ಷದ ವಿದ್ಯಾರ್ಥಿ

ಕಾಗದ ಕೇಳುವವರ ಕೈಗೆ ಒಮ್ಮೆ ಸಿಕ್ಕಿಬಿದ್ದ ಮನುಷ್ಯನಿಗೆ ಇಂಥವು ಒಂದರ ಹಿಂದೊಂದು ಆಗುತ್ತಲೇ ಇರುತ್ತವೆ. ಮೊನ್ನೆ ಪಿಂಚಣಿ ಕಚೇರಿಯಲ್ಲಿ ಒಬ್ಬರು, "ನೀವು ಬದುಕಿದ್ದೀರಿ ಅನ್ನೋದಕ್ಕೆ ಏನ್ರೀ ದಾಖಲೆ?" ಎಂದು ನನ್ನ ಮುಖ ನೋಡಿಕೊಂಡೇ ಕೇಳಿದರು. ನನಗೆ ಮೈಯೆಲ್ಲ ಉರಿಯಿತು. ಆದರೆ ಹಾಗೆ ಉರಿದದ್ದು ಅದೇ ಮೊದಲಲ್ಲ. ಕಾಲೇಜಿನ ಮೊದಲ ವರ್ಷ ಪೂರ್ತಿ ನಾನು ಉರಿದುಕೊಂಡೇ ಓದಿದವನು.

ನನ್ನ ಊರು ಔರಾದ ತಾಲೂಕಿನ ಡಾಬಕಾ. ಕುರಿ ಸಾಕುವ ಮನೆತನ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಸಾಲಿಯಲ್ಲಿ ಉರ್ದು. ಇದರಲ್ಲಿ ನಮಗೆ ಯಾವ ಗೊಂದಲವೂ ಇರಲಿಲ್ಲ. ನಾನು ಭಾಲ್ಕಿಯಲ್ಲಿ ಮ್ಯಾಟ್ರಿಕ್ ಪಾಸಾಗುವ ಹೊತ್ತಿಗೆ ಹೈದರಾಬಾದ್ ರಾಜ್ಯವನ್ನು ಒಡೆದು ಮೂರು ಕಡೆ ಹಂಚಿದ್ದರು. ನಮ್ಮ ಪಾಲು ಮೈಸೂರು ರಾಜ್ಯಕ್ಕೆ ಬಂದಿತ್ತು. ನಾವು ಕೂತಲ್ಲೇ ಕೂತಿದ್ದೆವು, ಆದರೆ ಬೇರೆ ರಾಜ್ಯದವರಾಗಿದ್ದೆವು. ಸಂತೋಷವೇ. ಆ ಸಂತೋಷದಲ್ಲೇ ನಾನು ಬೀದರಿನ ಒಂದು ಹಳೆಯ ಕಟ್ಟಡದಲ್ಲಿ ಆಗಷ್ಟೇ ತೆರೆದಿದ್ದ ಕಾಲೇಜಿಗೆ ಹೆಸರು ಹಚ್ಚಲು ಹೋದೆ.

೧. ಹುಟ್ಟಿದ ಇಸವಿ

ಕಚೇರಿಯಲ್ಲಿ ಕೂತಿದ್ದವರು ಹೆಡ್‌ಕ್ಲಾರ್ಕರು. ಮೈಸೂರು ಕಡೆಯಿಂದ ವರ್ಗವಾಗಿ ಬಂದವರು. ವರ್ಗ ಮಾಡಿದವರ ಮೇಲಿನ ಸಿಟ್ಟನ್ನು ನಮ್ಮ ಮೇಲೆ ತೀರಿಸಿಕೊಳ್ಳುತ್ತಿದ್ದರು. ನನ್ನ ಸರ್ಟಿಫಿಕೇಟು ಕೈಗೆ ತೆಗೆದುಕೊಂಡು ಮೇಲೆ ಕೆಳಗೆ ಮಾಡಿದರು, ಬೆಳಕಿಗೆ ಹಿಡಿದರು, ಹಿಂದೆ ತಿರುಗಿಸಿದರು.

"ಇದೇನಪ್ಪಾ ಇದು?"

"ಭಾಲ್ಕಿ ಸಾಲಿ ಸರ್ಟಿಫಿಕೇಟ್ ರೀ ಸಾಹೇಬ್ರ."

"ಕನ್ನಡದಲ್ಲಿ ಇಲ್ಲವಲ್ಲ?"

"ಸಾಲೀನ ಉರ್ದುದಾಗ ಇತ್ತಲ್ರಿ."

ಬಾಗಿಲ ಹೊರಗೆ ಸ್ಟೂಲಿನ ಮೇಲೆ ಕೂತಿದ್ದ ಚಪರಾಸಿಯನ್ನು ಕರೆದರು. ನಿಜಾಮರ ಕಾಲದ ಮುದುಕ. ಅಷ್ಟು ದೊಡ್ಡ ಕಚೇರಿಯಲ್ಲಿ ಹಳೆಯ ಕಾಗದ ಓದಬಲ್ಲವನು ಅವನೊಬ್ಬನೇ. ಓದಬಲ್ಲವನು ಹೊರಗೆ ಸ್ಟೂಲಿನ ಮೇಲೆ, ಓದಲಾರದವರು ಒಳಗೆ ಕುರ್ಚಿಯ ಮೇಲೆ. ಇದೂ ನನಗೆ ಅವತ್ತೇ ಸೇರಲಿಲ್ಲ. ಚಪರಾಸಿ ಓದುತ್ತಾ ಹೋದ, ಹೆಡ್‌ಕ್ಲಾರ್ಕರು ಬರೆಯುತ್ತಾ ಹೋದರು. ಹೆಸರು, ತಂದೆಯ ಹೆಸರು, ಊರು. ಕೊನೆಗೆ ಹುಟ್ಟಿದ ವರ್ಷ, ಸಾವಿರದ ಮುನ್ನೂರ ನಲವತ್ತೇಳು.

ಹೆಡ್‌ಕ್ಲಾರ್ಕರು ಪೆನ್ನು ನಿಲ್ಲಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಅದು ಫಸಲಿ ವರ್ಷ ಅದರಿ," ಅಂದೆ. "ನಿಜಾಮ ಸರಕಾರದ ಲೆಕ್ಕ. ಇಸವಿಗಿಂತ ಐನೂರ ತೊಂಬತ್ತು ಹಿಂದ ನಡೀತದ. ಅಷ್ಟು ಕೂಡಿಸಿ ಬರಕೊಳ್ರಿ."

"ವಿದ್ಯಾರ್ಥಿ ಹೇಳಿದ ಹಾಗೆ ಕೂಡಿಸಿ ಕಳೆದು ಮಾಡೋಕೆ ನನಗೆ ಆದೇಶ ಬಂದಿಲ್ಲ. ಕಾಗದದಲ್ಲಿ ಇರೋದನ್ನ ಇದ್ದ ಹಾಗೆ ಬರಕೋತೀನಿ."

ಬರೆದುಕೊಂಡರು. ಪಕ್ಕದ ಅಂಕಣದಲ್ಲಿ ವಯಸ್ಸು ಎಂದಿತ್ತು. ಅಲ್ಲಿ ಆರುನೂರ ಹತ್ತು ಎಂದು ಬರೆದರು. ಕೈ ನಡುಗಲಿಲ್ಲ. ಕೆಳಗೆ ಕೆಂಪು ಮಸಿಯಲ್ಲಿ, ವಯಸ್ಸಿಗೆ ಸರಿಯಾದ ದಾಖಲೆ ತರುವ ತನಕ ಪ್ರವೇಶ ತಾತ್ಕಾಲಿಕ, ದಾಖಲೆ ಇಲ್ಲದೆ ವಾರ್ಷಿಕ ಪರೀಕ್ಷೆಗೆ ಕೂರಿಸತಕ್ಕದ್ದಲ್ಲ ಎಂದು ಷರಾ ಹಾಕಿದರು. ನಮ್ಮ ಊರಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ ನಾನು. ಪರೀಕ್ಷೆಗೆ ಕೂರದಿದ್ದರೆ ಮತ್ತೆ ಕುರಿಯ ಹಿಂದೆ ನಡೆಯಬೇಕು. ಕಣ್ಣಲ್ಲಿ ನೀರು ಬಂತು.

ಚಪರಾಸಿ ನನ್ನ ಹಿಂದೆಯೇ ಹೊರಗೆ ಬಂದು ಹೆಗಲ ಮೇಲೆ ಕೈ ಇಟ್ಟ.

"ಬ್ಯಾಸರ ಮಾಡ್ಕೋಬ್ಯಾಡ ತಮ್ಮಾ. ಆ ಲೆಕ್ಕದಾಗ ನಮ್ಮ ಬೀದರ ಕಿಲ್ಲಾ ಸೈತ ನಿನಕಿಂತ ಸಣ್ಣದು. ಅದಕ್ಕ ಇನ್ನ ಯಾರೂ ಸರ್ಟಿಫಿಕೇಟ್ ಕೇಳಿಲ್ಲ."

೨. ಇಡೀ ತರಗತಿಗೆ ತಲೆನೋವು

ನಮ್ಮ ಹಳೆಯ ಸಾಲಿಗಳಲ್ಲಿ ಉಸ್ತಾದರು ಒಳಗೆ ಬಂದರೆ ಎದ್ದು ನಿಂತು, ತುಸು ಬಗ್ಗಿ, ಬಲಗೈ ಹಣೆಗೆ ಮುಟ್ಟಿಸಿ ಸಲಾಂ ಮಾಡಬೇಕಿತ್ತು. ಪ್ರಶ್ನೆ ಕೇಳುವ ಮುಂಚೆ ಒಂದು ಸಲಾಂ, ಉತ್ತರ ಸಿಕ್ಕ ಮೇಲೆ ಒಂದು, ಕೂಡ್ರು ಅಂದರೆ ಇನ್ನೊಂದು. ಮರ್ಯಾದೆ ಎಂದರೆ ಅದು.

ಕಾಲೇಜಿನಲ್ಲಿ ನಮಗೆ ಕನ್ನಡ ಕಲಿಸಲು ಬಂದ ಲೆಕ್ಚರರೂ ಮೈಸೂರು ಕಡೆಯವರೇ. ಚಿಕ್ಕ ವಯಸ್ಸು, ಒಳ್ಳೆಯ ಮನುಷ್ಯ. ಮೊದಲ ದಿನ ಅವರು ಬಾಗಿಲಲ್ಲಿ ಕಾಲಿಟ್ಟ ಕೂಡಲೇ ನಾವು ನಲವತ್ತು ಜನ ಎದ್ದು ಹಣೆ ಮುಟ್ಟಿಕೊಂಡೆವು. ಅವರು ಗಾಬರಿಯಾಗಿ ಒಂದು ಹೆಜ್ಜೆ ಹಿಂದೆ ಹೋದರು. ಎರಡನೆಯ ದಿನವೂ ಹಾಗೇ ಆಯಿತು. ಮೂರನೆಯ ದಿನ ತಡೆಯಲಾರದೆ ನನ್ನನ್ನೇ ಎಬ್ಬಿಸಿದರು.

"ಯಾಕಪ್ಪಾ, ನೀವೆಲ್ಲ ಗಳಿಗೆಗೊಂದು ಸಲ ಹಣೆ ಹಿಡ್ಕೋತೀರಿ? ತಲೆನೋವಾ?"

"ಇಲ್ರಿ ಜನಾಬ್," ಎಂದು ನಾನು ಹಣೆ ಮುಟ್ಟಿ ಹೇಳಿದೆ.

"ನೋಡು, ಮತ್ತೆ ಹಿಡ್ಕೊಂಡೆ! ಹೇಳಿಕೊಳ್ಳೋಕೆ ನಾಚಿಕೆ ಪಡಬೇಡಿ ಪಾಪ. ಈ ಕೋಣೆಯಲ್ಲಿ ಗಾಳಿಯಿಲ್ಲ, ಅದಕ್ಕೇ ಹೀಗೆ."

ತಾವೇ ಹೋಗಿ ಎಲ್ಲ ಕಿಟಕಿ ತೆರೆದರು. ಮಳೆ ಇನ್ನೂ ಹಿಡಿದಿರಲಿಲ್ಲ. ಬೀದರಿನ ಬಿಸಿಗಾಳಿ ಕೆಂಪು ಧೂಳು ಹೊತ್ತುಕೊಂಡು ನೇರ ಅವರ ಮುಖಕ್ಕೇ ಬಂತು. ಅರ್ಧ ಗಂಟೆ ಕೆಮ್ಮುತ್ತ ಪಾಠ ಮಾಡಿದರು. ನಮ್ಮ ಮರ್ಯಾದೆಯನ್ನು ರೋಗ ಅಂದರಲ್ಲ ಎಂದು ನನಗೆ ಒಳಗೊಳಗೇ ಕುದಿಯುತ್ತಿತ್ತು. ಗಂಟೆ ಬಾರಿಸಿದಾಗ ಅವರಿಗೇ ತಲೆ ಸಿಡಿಯುತ್ತಿತ್ತು. ಬಗ್ಗಿದ ಕುತ್ತಿಗೆ ಎತ್ತದೆ, ಬಲಗೈಯಲ್ಲಿ ಹಣೆ ಹಿಡಿದುಕೊಂಡು ಬಾಗಿಲ ಕಡೆ ನಡೆದರು.

ಅಂತೂ ಕಲಿತರಲ್ಲ ಎಂದು ನಮಗೆ ಬಹಳ ಸಂತೋಷವಾಗಿ, ನಲವತ್ತು ಜನವೂ ಎದ್ದು ಪ್ರತಿ ಸಲಾಂ ಮಾಡಿದೆವು.

೩. ನನ್ನ ನೋಟ್‌ಬುಕ್

ಕನ್ನಡ ನನ್ನ ತಾಯಿಯ ಮಾತು. ಆದರೆ ಕನ್ನಡ ಅಕ್ಷರ ನನಗೆ ಯಾರೂ ಕಲಿಸಿರಲಿಲ್ಲ. ಬೀದರಿಗೆ ಬಂದ ಮೇಲೆ ಅಂಗಡಿಗಳ ಹೊಸ ಬೋರ್ಡು ನೋಡಿ ನೋಡಿ ಕಲಿಯುತ್ತಿದ್ದೆ. ನಾನು ಒಂದು ಸಾಲು ಬರೆಯುವಷ್ಟರಲ್ಲಿ ಲೆಕ್ಚರರು ಒಂದು ಪಾಠ ಮುಗಿಸುತ್ತಿದ್ದರು. ಅದಕ್ಕೆ ಅವರ ಕನ್ನಡವನ್ನು ಉರ್ದು ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದೆ. ಬಲದಿಂದ ಎಡಕ್ಕೆ, ಸರಸರನೆ.

ಒಂದು ದಿನ ನೋಟ್‌ಬುಕ್ ತಪಾಸಣೆ ಬಂತು. ಲೆಕ್ಚರರು ನನ್ನದನ್ನು ತಮ್ಮ ಪದ್ಧತಿಯಂತೆ ತೆರೆದರು. ಖಾಲಿ. ಇನ್ನೊಂದು ಹಾಳೆ ತಿರುಗಿಸಿದರು. ಅದೂ ಖಾಲಿ.

"ಮೂರು ತಿಂಗಳಿಂದ ಒಂದಕ್ಷರ ಬರೆದಿಲ್ಲವಲ್ಲೋ! ತರಗತಿಗೆ ಯಾಕೆ ಬರ್ತೀಯಾ?"

"ಆ ಕಡಿಂದ ನೋಡ್ರಿ ಜನಾಬ್."

ಹಿಂದಿನಿಂದ ತೆರೆದರು. ಅವರ ಹುಬ್ಬು ಮೇಲೇರಿತು.

"ಕನ್ನಡ ಪಾಠಾನ ಉರ್ದುವಿನಲ್ಲಿ ಬರೆದಿದ್ದೀಯಾ?"

"ಮಾತು ಕನ್ನಡಾನ ಅದರಿ. ಅಕ್ಷರ ಅಷ್ಟ ಉರ್ದು."

"ಹಾಗಿದ್ದರೆ ಎದ್ದು ನಿಂತು ಓದು. ನಿಜವೋ ಸುಳ್ಳೋ ನೋಡೋಣ."

ಅದೇ ಹೊತ್ತಿಗೆ ಪ್ರಿನ್ಸಿಪಾಲರು ವರಾಂಡದಲ್ಲಿ ಹೋಗುತ್ತಿದ್ದವರು ಬಾಗಿಲಲ್ಲಿ ನಿಂತರು. ಧಾರವಾಡ ಕಡೆಯ ಹಿರಿಯರು, ಹೆಚ್ಚು ಮಾತಿನವರಲ್ಲ. ನಾನು ಓದತೊಡಗಿದೆ. ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಹಳೆಯ ಸಾಲಿಯಲ್ಲಿ ಉಸ್ತಾದರ ಬಾಯಿಂದ ಬಂದ ಒಂದು ಶಬ್ದವನ್ನೂ ಬಿಡುವಂತಿರಲಿಲ್ಲ. ಬಿಟ್ಟರೆ ಬೆರಳ ಗಂಟಿನ ಮೇಲೆ ಛಡಿ ಏಟು. ಹಾಗಾಗಿ ನಾನು ಏನನ್ನೂ ಬಿಟ್ಟಿರಲಿಲ್ಲ.

"ಕೂತ್ಕೊಳ್ರಪ್ಪಾ. ಇವತ್ತು ಸಂಧಿ ಮಾಡೋಣ. ಸಂಧಿ ಅಂದರೆ ಏನಪ್ಪಾ ಅಂದರೆ. ಏ ಕಿಟಕಿ ಹತ್ತಿರದವನೇ, ಆಕಳಿಸಬೇಡ, ನಂಗೂ ನಿದ್ದೆ ಬರುತ್ತೆ. ಎರಡು ಅಕ್ಷರಗಳು ಕಾಲ ವಿಳಂಬವಿಲ್ಲದೆ. ಥೂ, ಈ ಊರಲ್ಲಿ ಒಂದು ಲೋಟ ಒಳ್ಳೇ ಕಾಫಿ ಸಿಗಲ್ಲ. ಪ್ರಿನ್ಸಿಪಾಲರಿಗೆ ಹೇಳಿದರೆ ಚಹಾ ಕುಡೀರಿ ಅಂತಾರೆ. ಜೋಳದ ರೊಟ್ಟಿ ತಿನ್ನೋರಿಗೆ ಕಾಫಿ ರುಚಿ ಏನು ಗೊತ್ತು."

"ಸಾಕು, ಸಾಕು!" ಎಂದರು ಲೆಕ್ಚರರು. ಮುಖ ಕೆಂಪಾಗಿತ್ತು.

"ಮುಂದ ಓದಪಾ," ಎಂದರು ಬಾಗಿಲಲ್ಲಿದ್ದ ಪ್ರಿನ್ಸಿಪಾಲರು. "ಛಲೋ ಬರದೀ."

ಇಷ್ಟು ನಿಯತ್ತಾಗಿ ಬರೆದುಕೊಂಡವನಿಗೆ ಒಂದು ಶಹಬಾಸ್ ಬೇಡವೇ? ಅದು ಬಿಟ್ಟು, ಮಾರನೆಯ ದಿನದಿಂದ ಲೆಕ್ಚರರು ಪಾಠ ಶುರು ಮಾಡುವ ಮುಂಚೆ ನನ್ನ ಪೆನ್ನು ಇಸಿದುಕೊಂಡು ತಮ್ಮ ಮೇಜಿನ ಮೇಲೆ ಇಟ್ಟುಕೊಳ್ಳುತ್ತಿದ್ದರು.

೪. ಉಸ್ತಾದರ ಪತ್ರ

ದೀಪಾವಳಿ ರಜೆಯಲ್ಲಿ ರೈಲು ಹತ್ತಿ ಭಾಲ್ಕಿಗೆ ಹೋದೆ. ನಮ್ಮ ಹಳೆಯ ಹೆಡ್‌ಮಾಸ್ಟರರು ನಿವೃತ್ತರಾಗಿ ಅಲ್ಲೇ ಇದ್ದರು. ನಮಗೆಲ್ಲ ಉಸ್ತಾದರೆಂದರೆ ಅವರೇ. ಮನೆಯಲ್ಲಿ ಒಬ್ಬರೇ ಕೂತಿದ್ದರೂ ಶೇರವಾನಿಯ ಗುಂಡಿ ಕುತ್ತಿಗೆವರೆಗೆ ಹಾಕಿಕೊಂಡೇ ಇರುತ್ತಿದ್ದರು. ನನ್ನ ಕಥೆ ಕೇಳಿ ಅವರ ಗಡ್ಡ ಅದುರಿತು.

"ನನ್ನ ದಸ್ತಖತ್ತಿನ ಮ್ಯಾಲ ಶಕ್ ಮಾಡಿದ್ನಾ? ನಲವತ್ತು ವರ್ಷ ಸಾಲಿ ನಡಸೀನಿ. ಯಾರೂ ನನಗ ಸುಳ್ಳುಗಾರ ಅಂದಿಲ್ಲ. ಕೂಡ್ರು, ಬರ್ದು ಕೊಡ್ತೇನಿ."

ಬರೆಯುತ್ತ ಬರೆಯುತ್ತ ಮಧ್ಯಾಹ್ನವಾಯಿತು. ಎರಡು ದೊಡ್ಡ ಹಾಳೆ ತುಂಬಿತು. ಮಡಚಿ, ಅಂಟಿಸಿ, ಇದನ್ನು ಸಾಹೇಬರ ಕೈಗೇ ಕೊಡು ಎಂದರು. ಇನ್ನು ಗೆದ್ದೆ ಎಂದು ನಾನು ಬೀದರಿಗೆ ಬಂದು ಹೆಡ್‌ಕ್ಲಾರ್ಕರ ಮುಂದೆ ಇಟ್ಟೆ. ಮತ್ತೆ ಚಪರಾಸಿಯನ್ನು ಕರೆದರು.

ಚಪರಾಸಿ ಕನ್ನಡಕ ಹಾಕಿಕೊಂಡು ಮನಸ್ಸಿನಲ್ಲೇ ಓದತೊಡಗಿದ. ಮೊದಲ ಸಾಲಿಗೇ ತಲೆದೂಗಿದ. ನಾಲ್ಕನೆಯ ಸಾಲಿಗೆ "ವಾಹ್" ಎಂದ. ಹಾಳೆ ತಿರುಗಿಸುವ ಹೊತ್ತಿಗೆ ಅವನ ಕಣ್ಣು ಒದ್ದೆಯಾಗಿತ್ತು.

"ಏನು ಬರೆದಿದ್ದಾರೆ ಹೇಳಯ್ಯಾ!" ಎಂದರು ಹೆಡ್‌ಕ್ಲಾರ್ಕರು.

"ಸಾಹೇಬ್ರ, ಇದನ್ನ ಕನ್ನಡದಾಗ ಹೇಳಿದ್ರ ಅದರ ಮಜಾ ಹೋಗ್ತದ್ರಿ."

"ಮಜಾ ಹೋಗಲಿ. ವಿಷಯ ಏನು?"

"ನಿಮಗ ಬೈದಾರ್ರಿ."

"ಏನು?"

"ಖರೆ ಎಷ್ಟು ಅದಬಿನಿಂದ ಬೈದಾರ ಅಂತೀರಿ! ಇಂಥಾ ಮರ್ಯಾದಿ ಬೈಗಳ ಕೇಳಿ ಹತ್ತು ವರ್ಷ ಆಗಿತ್ತು. ನಿಮ್ಮ ನಸೀಬ ಛಲೋ ಅದರಿ ಸಾಹೇಬ್ರ."

ಹೆಡ್‌ಕ್ಲಾರ್ಕರು ಪತ್ರದ ಸಮೇತ ನನ್ನನ್ನು ಕಚೇರಿಯಿಂದ ಹೊರಗೆ ಹಾಕಿದರು. ಆಮೇಲೆ ನಾನೇ ಆ ಪತ್ರವನ್ನು ಎರಡು ಸಲ ಓದಿದೆ. ಚಪರಾಸಿ ಹೇಳಿದ್ದು ಅಕ್ಷರಶಃ ಸತ್ಯ. ಬರವಣಿಗೆ ಬಹಳ ಸೊಗಸಾಗಿತ್ತು. ಆದರೆ ಉಸ್ತಾದರು ಸಿಟ್ಟಿನ ಭರದಲ್ಲಿ ನಾನು ಹುಟ್ಟಿದ ವರ್ಷವನ್ನೇ ಬರೆಯಲು ಮರೆತಿದ್ದರು.

೫. ಹುಟ್ಟದೇ ಉಳಿದವನು

"ನಿಮ್ಮ ಊರಿನ ಹುಟ್ಟು ಸಾವಿನ ದಾಖಲೆ ತಗಸ್ಕೊಂಡು ಬಾ," ಎಂದರು ಪ್ರಿನ್ಸಿಪಾಲರು. ಊರ ಕಡೆ ಹೋಗಿ ಒಂದು ಕಚೇರಿಯಲ್ಲಿ ವಿಚಾರಿಸಿದೆ. ಅಲ್ಲಿಯವರು ಬಹಳ ಸಮಾಧಾನದಿಂದ ಹೇಳಿದರು. ರಾಜ್ಯ ಹಂಚುವಾಗ ಹಳ್ಳಿ ಹಳ್ಳಿಯ ಕಾಗದಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಗಾಡಿಗೆ ಹೇರಿದ್ದರಂತೆ. ಡಾಬಕಾದ ಗಂಟು ತಪ್ಪಿ ಮುಂಬಯಿ ರಾಜ್ಯದ ಗಾಡಿಗೆ ಬಿತ್ತಂತೆ. ಊರು ಈ ಕಡೆ, ಹುಟ್ಟಿದ್ದು ಆ ಕಡೆ.

ಗಡಿ ಎಂದರೆ ನಮಗೆ ಹೊಲದಾಚೆಯ ಒಂದು ಹಳ್ಳ. ದಾಟಿ ಹೋದೆ. ಆಚೆಯ ಕಚೇರಿಯವರು ಎರಡು ದಿನ ಹುಡುಕಿದರು. ಮೂರನೆಯ ದಿನ ಗಂಟು ಇಲ್ಲೂ ಇಲ್ಲ ಎಂದರು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಬರಿಗೈಯಲ್ಲಿ ಹೋಗಲಾರೆ, ಏನಾದರೂ ಒಂದು ಕಾಗದ ಕೊಡಿ ಎಂದು ಹಟ ಹಿಡಿದೆ. ಅವರು ಪಾಪ ಕನಿಕರಪಟ್ಟು ಮರಾಠಿಯಲ್ಲಿ ನಾಲ್ಕು ಸಾಲು ಬರೆದು, ಸಿಕ್ಕಾ ಹೊಡೆದು ಕೊಟ್ಟರು. ಮರಾಠಿ ಓದಲು ಬರದ ನನಗೆ ಸಿಕ್ಕಾ ನೋಡಿಯೇ ಜೀವ ಬಂತು.

ಬೀದರಿನಲ್ಲಿ ಚಪರಾಸಿ ಅದನ್ನೂ ಓದಿ ಹೇಳಿದ. ಈ ಹೆಸರಿನ ಮನುಷ್ಯ ಹುಟ್ಟಿದ ಬಗ್ಗೆ ಈ ಕಚೇರಿಯಲ್ಲಿ ಯಾವ ದಾಖಲೆಯೂ ಇರುವುದಿಲ್ಲ ಎಂದಿತ್ತು.

ಹೆಡ್‌ಕ್ಲಾರ್ಕರು ಆ ಕಾಗದವನ್ನು ಜೋಪಾನವಾಗಿ ಕಡತಕ್ಕೆ ಸೇರಿಸಿದರು.

"ನೋಡಪ್ಪಾ, ಒಂದು ಕಾಗದದ ಪ್ರಕಾರ ನಿನಗೆ ಆರುನೂರ ಹತ್ತು ವರ್ಷ. ಇನ್ನೊಂದರ ಪ್ರಕಾರ ನೀನು ಹುಟ್ಟೇ ಇಲ್ಲ. ಎರಡರಲ್ಲಿ ಯಾವುದು ಇಟ್ಟುಕೊಳ್ಳಬೇಕು ಅಂತ ಒಂದು ಅರ್ಜಿ ಬರೆದುಕೊಡು."

೬. ಅಪ್ಪ ಬಂದದ್ದು

ಪರೀಕ್ಷೆಯ ಫಾರ್ಮು ತುಂಬಲು ಕೊನೆಯ ದಿನ ಬಂತು. ಹಿಂದಿನ ವಾರವೇ ನಾನು ಊರಿಗೆ ಹೇಳಿ ಕಳಿಸಿದ್ದೆ, ನನ್ನ ಕೈಲಿ ಆಗಲಿಲ್ಲ, ವಾಪಸ್ ಬರುತ್ತೇನೆ ಎಂದು. ಅದಕ್ಕೆ ಉತ್ತರವಾಗಿ ಅಪ್ಪನೇ ಔರಾದಿಗೆ ನಡೆದು, ಅಲ್ಲಿಂದ ಬಸ್ಸು ಹಿಡಿದು, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಕಾಲೇಜಿಗೆ ಬಂದ. ನೇರ ಕಚೇರಿಯೊಳಗೆ ಹೋದ. ನಾನು ಹಿಂದೆ ಓಡಿದೆ. ಒಳಗೆ ಹೆಡ್‌ಕ್ಲಾರ್ಕರ ಪಕ್ಕದಲ್ಲೇ ಪ್ರಿನ್ಸಿಪಾಲರು ಕೂತು ಫಾರ್ಮುಗಳಿಗೆ ಸಹಿ ಹಾಕುತ್ತಿದ್ದರು.

"ಇವ ನನ ಮಗ ಅದಾನ್ರಿ. ಇವನ ವಯಸ್ಸು ಯಾರಿಗಿ ಬೇಕಾಗ್ಯಾದ?"

"ನಮಗೆ ಬೇಕು. ದಾಖಲೆ ತಂದಿದ್ದೀರಾ?" ಎಂದರು ಹೆಡ್‌ಕ್ಲಾರ್ಕರು.

"ನಾನ ಬಂದೀನಲ್ರಿ. ಹಡದ ತಂದಿಗಿಂತ ದೊಡ್ಡ ದಾಖಲಾ ಯಾವದದ? ಹತ್ತೊಂಬತ್ತು ತುಂಬಿ ಇಪ್ಪತ್ತರಾಗ ಅದಾನ."

"ಬಾಯಿಮಾತು ನಡೆಯಲ್ಲ ಯಜಮಾನರೇ. ಈಗ ನನಗೆ ಐವತ್ತೆರಡು. ಹಾಗಂತ ನಮ್ಮಪ್ಪ ಬಂದು ಹೇಳಿದ್ದಲ್ಲ, ಸರ್ವಿಸ್ ರಿಜಿಸ್ಟರಿನಲ್ಲಿ ಇದೆ. ಐವತ್ತೈದಕ್ಕೆ ಸರಿಯಾಗಿ ನಿವೃತ್ತಿ. ಲೆಕ್ಕ ಅಂದರೆ ಹಾಗಿರಬೇಕು."

ಅಪ್ಪನಿಗೆ ಸಿಟ್ಟು ಏರಿತು. ಕಂಬಳಿ ತೆಗೆದು ಕುರ್ಚಿಯ ಮೇಲೆ ಒಗೆದ.

"ಇಷ್ಟು ಕುರಿ ಸಾಕೀನಿ, ಒಂದಕ್ಕೂ ಕಾಗದ ಇಲ್ಲ. ಬಾಯಿ ತೆರದು ಹಲ್ಲು ನೋಡಿ ವಯಸ್ಸು ಹೇಳ್ತೇನಿ. ಇಲ್ಲೀತನ ಒಂದ ಸಲ ಸೈತ ತಪ್ಪಿಲ್ಲ. ಭಾಲ್ಕಿ ಸಂತ್ಯಾಗ ಕೇಳ್ರಿ ಬೇಕಾದ್ರ. ಬಾಯಿ ತೆರಿಯೋ ತಮ್ಮಾ!"

ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಆದರೆ ಅಪ್ಪನ ಕೈ ಆಗಲೇ ನನ್ನ ಗದ್ದ ಹಿಡಿದಿತ್ತು. ಪ್ರಿನ್ಸಿಪಾಲರ ಎದುರಿಗೆ, ಕಿಟಕಿಯ ಬೆಳಕಿಗೆ ನನ್ನ ಮುಖ ತಿರುಗಿಸಿ, ತುಟಿ ಮೇಲೆತ್ತಿ ತೋರಿಸಿದ.

"ನೋಡ್ರಿಲ್ಲೆ. ಕಡೀ ದವಡಿ ಹಲ್ಲು ಈಗ ಮೂಡ್ಲತ್ತದ. ಇಪ್ಪತ್ತರ ಬಾಯಿ ಹಿಂಗ ಇರ್ತದ. ಆರುನೂರು ವರ್ಷದ ಬಾಯಾಗ ಹಲ್ಲು ಇರ್ತಾವೇನ್ರಿ?"

ಹೆಡ್‌ಕ್ಲಾರ್ಕರಿಗೆ ನಗು ತಡೆಯಲಾಗಲಿಲ್ಲ. ಕುರ್ಚಿಗೆ ಒರಗಿ, ತಲೆ ಹಿಂದಕ್ಕೆ ಹಾಕಿ, ಹೊಟ್ಟೆ ಹಿಡಿದುಕೊಂಡು ಬಾಯಿ ತುಂಬ ನಕ್ಕರು. ಒಂದು ವರ್ಷದಲ್ಲಿ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಪ್ಪ ನನ್ನ ಗದ್ದ ಬಿಟ್ಟ. ಮೇಜಿನ ಮೇಲೆ ಎರಡೂ ಕೈ ಊರಿ, ಬಗ್ಗಿ, ಆ ತೆರೆದ ಬಾಯಿಯೊಳಗೆ ಶ್ರದ್ಧೆಯಿಂದ ನೋಡಿದ.

"ಐವತ್ತೆರಡಾ? ಯಾರು ಹೇಳ್ಯಾರ್ರಿ ನಿಮಗ? ಮ್ಯಾಲಿನ ದವಡಿ ಖಾಲಿ ಆಗ್ಯಾದ. ಮುಂದಿನವು ಬುಡದ ತನಕ ಸವದಾವ. ಅರವತ್ತು ದಾಟಿ ಎರಡು ವರ್ಷ ಆಗ್ಯಾದ. ಒಂದು ವರ್ಷ ಹೆಚ್ಚು ಕಮ್ಮಿ ಆದ್ರ ನನ್ನ ಹಿಂಡು ನಿಮಗ ಬಿಟ್ಟು ಹೋಗ್ತೇನಿ."

ಬಾಯಿ ಟಪ್ಪೆಂದು ಮುಚ್ಚಿತು. ಪ್ರಿನ್ಸಿಪಾಲರು ಪೆನ್ನು ಕೆಳಗಿಟ್ಟು ಕನ್ನಡಕ ತೆಗೆದರು.

"ಎಷ್ಟಂದ್ರಿ ಹಿರ್ಯಾರ?"

"ಸಾರ್, ಸಾರ್, ಅದು ಕುರಿ ಲೆಕ್ಕ ಸಾರ್," ಎಂದು ಹೆಡ್‌ಕ್ಲಾರ್ಕರು ಕೈಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡೇ ಹೇಳಿದರು. "ಮನುಷ್ಯರಿಗೆ ಅದು ನಡೆಯಲ್ಲ."

"ನಡೀದಿದ್ದರ ಬ್ಯಾಡ ಬಿಡ್ರಿ. ಹುಡುಗನ ವಯಸ್ಸು ನೋಡಲಿಕ್ಕೆ ದವಾಖಾನಿಯಿಂದ ಡಾಕ್ಟರ್‌ನ್ನ ಕರಸೋಣು. ಹ್ಯಾಂಗೂ ಬಂದಿರ್ತಾರ, ನಿಮ್ಮ ಹಲ್ಲೂ ಒಂದು ಸಲ ನೋಡಿ ಹೋಗಲಿ."

ಹೆಡ್‌ಕ್ಲಾರ್ಕರು ರಿಜಿಸ್ಟರು ಎಳೆದುಕೊಂಡ ರಭಸಕ್ಕೆ ಮಸಿಕುಡಿಕೆ ಉರುಳುವುದರಲ್ಲಿತ್ತು.

"ಡಾಕ್ಟರ್ ಯಾಕೆ ಸಾರ್, ತೊಂದರೆ! ಇದು ಫಸಲಿ ವರ್ಷ ಅಲ್ವಾ? ಐನೂರ ತೊಂಬತ್ತು ಕೂಡಿಸಿದರೆ ಆಯ್ತು." ನನ್ನ ಕಡೆ ತಿರುಗಿ, "ಇದನ್ನ ಮೊದಲೇ ಹೇಳಬಾರದೇನಪ್ಪಾ?" ಎಂದರು.

ಇವತ್ತಿಗೂ ಆ ಮಾತು ನೆನೆದರೆ ನನ್ನ ನೆತ್ತಿಗೆ ಬೆಂಕಿ ಹತ್ತುತ್ತದೆ. ಮೊದಲೇ ಹೇಳಬಾರದಿತ್ತೆ! ಒಂದು ವರ್ಷ ಭಾಲ್ಕಿ, ಡಾಬಕಾ, ಗಡಿಯಾಚೆ ಎಂದು ನಾನು ಅಲೆದದ್ದೇನು, ಅತ್ತದ್ದೇನು! ಆದರೆ ಅವತ್ತು ಬಾಯಿ ಬಿಗಿ ಹಿಡಿದೆ. ಅವರು ಆರುನೂರ ಹತ್ತನ್ನು ಹೊಡೆದು ಹಾಕಿದರು, ಕೂಡಿಸಿದರು, ಬರೆದರು, ಸಿಕ್ಕಾ ಒತ್ತಿದರು. ಪ್ರಿನ್ಸಿಪಾಲರು ಸಹಿ ಹಾಕಿದರು. ಪರೀಕ್ಷೆಯ ಫಾರ್ಮು ನನ್ನ ಕೈಗೆ ಬಂತು.

ಅಪ್ಪನಿಗೆ ಮಾತ್ರ ಸಮಾಧಾನವಿಲ್ಲ. ಕಂಬಳಿ ಹೆಗಲಿಗೆ ಹಾಕಿಕೊಂಡು ಬಾಗಿಲವರೆಗೆ ಹೋದವನು ತಿರುಗಿ ನಿಂತ. ಹೆಡ್‌ಕ್ಲಾರ್ಕರನ್ನು ಒಂದು ಗಳಿಗೆ ಮರುಕದಿಂದ ನೋಡಿದ. ಆಮೇಲೆ ಪ್ರಿನ್ಸಿಪಾಲರ ಮೇಲೆ ಹರಿಹಾಯ್ದ.

"ಸಾಹೇಬ್ರ, ಇಷ್ಟು ಹಲ್ಲು ಸವದ ಟಗರಿಗಿ ನಾವು ಹೊಲದ ತನಕ ಸೈತ ಹೊಡಿಯಂಗಿಲ್ಲ, ಮನಿ ಮುಂದ ಕಟ್ಟಿ ಮೇವು ಹಾಕ್ತೇವಿ. ನೀವು ಈ ಮನಶ್ಯಾಗ ಮೈಸೂರಿಂದ ಬೀದರ ತನಕ ಹೊಡಕೊಂಡು ಬಂದೀರಲ್ರಿ!"